ಮೊದಲು ದಾರ ಕೊಡಿ, ಸೂತ್ರ ಆಮೇಲೆ

ಮಾನ್ಯ ಸಂಪಾದಕರೇ,

ನಾನು ಟೀಚರ್ ಅಲ್ಲ. ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮಗಳು ಐದನೇ ತರಗತಿಯಲ್ಲಿ ಓದುತ್ತಿದ್ದಾಳೆ. ಆಯತದ ಸುತ್ತಳತೆ ಮತ್ತು ವಿಸ್ತೀರ್ಣವನ್ನು ಮಕ್ಕಳಿಗೆ ಹೇಳಿಕೊಡುವ ರೀತಿಯ ಬಗ್ಗೆ ಈ ಪತ್ರ. ಸ್ವಲ್ಪ ಉದ್ದವಾಯಿತು. ಕತ್ತರಿ ಹಾಕುವುದು ನಿಮ್ಮ ಕೆಲಸ, ನನ್ನ ಕೆಲಸವೂ ಅದೇ, ಹಾಗಾಗಿ ಹಾಕಿದರೆ ಬೇಜಾರಿಲ್ಲ.

ಹೋದ ತಿಂಗಳು ಅವಳ ಟೆಸ್ಟ್ ಪೇಪರ್ ಮನೆಗೆ ಬಂತು. ಒಂದು ಆಯತದ ಚಿತ್ರ, ಮೇಲ್ಗಡೆ 8 ಸೆಂ.ಮೀ., ಪಕ್ಕದಲ್ಲಿ 5 ಸೆಂ.ಮೀ. ಎಂದು ಬರೆದಿತ್ತು. ಸುತ್ತಳತೆಗೆ ಇವಳು 40 ಬರೆದಿದ್ದಳು, ವಿಸ್ತೀರ್ಣಕ್ಕೆ 26. ಎರಡಕ್ಕೂ ಕೆಂಪು ಗೀಟು, ಸೊನ್ನೆ. ಗುಣಿಸಿದ್ದು ಸರಿ ಇದೆ, ಕೂಡಿದ್ದೂ ಸರಿ ಇದೆ, ಹೆಸರು ಮಾತ್ರ ಅದಲು ಬದಲು. ಏನಮ್ಮಾ ಇದು ಅಂದರೆ, "ಯಾವುದಕ್ಕೆ ಯಾವ ಸೂತ್ರ ಅಂತ ಮರೆತೋಯ್ತು" ಅಂದಳು.

ಮರೆಯುವುದಕ್ಕೆ ಇದರಲ್ಲಿ ಏನಿದೆ ಅಂತ ನನಗೆ ಆಶ್ಚರ್ಯವಾಯಿತು. ಬಟ್ಟೆ ಎಷ್ಟು ಬೇಕು, ಅಂಚಿಗೆ ಲೇಸ್ ಎಷ್ಟು ಬೇಕು ಅನ್ನುವುದು ನನಗೆ ಒಂದು ದಿನವೂ ಅದಲು ಬದಲಾಗಿಲ್ಲ. ಆಮೇಲೆ ಅವಳ ನೋಟ್‌ಬುಕ್ ತೆಗೆದು ನೋಡಿದೆ. ಒಂದೇ ಪುಟದಲ್ಲಿ, ಒಂದರ ಕೆಳಗೊಂದು, ಎರಡು ಸೂತ್ರ, ಸುತ್ತ ಡಬ್ಬಿ ಗೆರೆ. ಎರಡರಲ್ಲೂ ಅದೇ ಉದ್ದ, ಅದೇ ಅಗಲ. ಒಂದರಲ್ಲಿ ಕೂಡಿ ಎರಡರಿಂದ ಗುಣಿಸು, ಇನ್ನೊಂದರಲ್ಲಿ ಸುಮ್ನೆ ಗುಣಿಸು. ಚಿತ್ರವೂ ಅದೇ. ಒಂದೇ ಥರ ಬಟ್ಟೆ ಹಾಕಿಸಿ ಅವಳಿ ಮಕ್ಕಳನ್ನು ಒಂದೇ ದಿನ ಪರಿಚಯ ಮಾಡಿಸಿ ಮಾರನೇ ದಿನ ಯಾರು ಯಾರು ಹೇಳು ಅಂದ ಹಾಗೆ ಇದು. ಮಗು ಏನು ಮಾಡುತ್ತೆ?

ಅವತ್ತು ಸಂಜೆ ಪುಸ್ತಕ ಮುಚ್ಚಿಸಿದೆ. ಒಂದಿಷ್ಟು ದಾರ ಕತ್ತರಿಸಿ ತುದಿಗಳನ್ನು ಗಂಟು ಹಾಕಿ ಅವಳ ಕೈಗೆ ಕೊಟ್ಟೆ. ಎರಡೂ ಕೈಯ ಹೆಬ್ಬೆರಳು, ತೋರುಬೆರಳು ಒಳಗೆ ಹಾಕಿ ಹಿಡಿದುಕೋ ಅಂದೆ. ನಾಲ್ಕು ಬೆರಳು ನಾಲ್ಕು ಮೂಲೆ, ಆಯತ ಆಯಿತು. ಈಗ ಕೈಗಳನ್ನು ದೂರ ಎಳಿ ಅಂದೆ. ಎಳೆದಳು, ಆಯತ ಉದ್ದವಾಗಿ ಸಪೂರ ಆಯಿತು. ಹತ್ತಿರ ತಂದಳು, ಮತ್ತೆ ದಪ್ಪ ಆಯಿತು. ಪೂರ್ತಿ ಎಳೆದಾಗ ಬೆರಳುಗಳು ಒಂದಕ್ಕೊಂದು ತಾಗಿ, ಮೇಲಿನ ದಾರ ಕೆಳಗಿನ ದಾರಕ್ಕೆ ಅಂಟಿಕೊಂಡಿತು. ಐದು ನಿಮಿಷ ಹಾಗೇ ಅಕಾರ್ಡಿಯನ್ ನುಡಿಸುವವರ ಥರ ಎಳೆದು ಬಿಟ್ಟು ಆಡಿದಳು. ಆಮೇಲೆ ಅವಳೇ ಹೇಳಿದಳು, "ದಾರ ಅಷ್ಟೇ ಇದೆಯಲ್ಲಮ್ಮಾ, ಒಳಗಿನ ಜಾಗ ಮಾತ್ರ ಹೋಗಿ ಬಂದು ಮಾಡ್ತಿದೆ."

ನನಗೆ ಬೇಕಾಗಿದ್ದು ಈ ಮಾತೇ. ದಾರ ಸುತ್ತಳತೆ. ಒಳಗಿನ ಜಾಗ ವಿಸ್ತೀರ್ಣ. ಒಂದು ಅಲ್ಲಾಡದೇ ಇದ್ದರೂ ಇನ್ನೊಂದು ಬದಲಾಗುತ್ತದೆ ಅನ್ನುವುದನ್ನು ಕೈಯಲ್ಲಿ ಹಿಡಿದು ನೋಡಿದ ಮಗುವಿಗೆ ಎರಡೂ ಬೇರೆ ಅಂತ ಬಾಯಿಪಾಠ ಮಾಡಿಸುವ ಅಗತ್ಯ ಇಲ್ಲ ಅನ್ನುವುದು ನನ್ನ ವಾದ. ಸೂತ್ರ ಬೇಡ ಅನ್ನುತ್ತಿಲ್ಲ. ಸೂತ್ರ ಒಂದು ವಾರ ತಡವಾಗಿ ಬರಲಿ, ಎರಡೂ ಒಂದೇ ದಿನ ಬರುವುದು ಬೇಡ, ಅಷ್ಟೇ.

ದಾರದ ನಂತರ ಕಡ್ಡಿ. ಮಾರನೇ ದಿನ 24 ಬೆಂಕಿಕಡ್ಡಿ ಎಣಿಸಿ ಕೊಟ್ಟು, ಎಲ್ಲವನ್ನೂ ಬಳಸಿ ಆಯತ ಮಾಡು, ಎಷ್ಟು ಥರ ಮಾಡಬಹುದು ನೋಡು ಅಂದೆ. ನೆಲದ ಮೇಲೆ ಮಲಗಿಕೊಂಡೇ ಮಾಡಿದಳು. ಒಂದು ಕಡ್ಡಿ ಅಗಲ, 11 ಕಡ್ಡಿ ಉದ್ದ. ಆಮೇಲೆ 2 ಮತ್ತು 10. 3 ಮತ್ತು 9, 4 ಮತ್ತು 8, 5 ಮತ್ತು 7. ಕೊನೆಗೆ 6 ಮತ್ತು 6 ಬಂದಾಗ "ಇದು ಚೌಕ, ಲೆಕ್ಕಕ್ಕಿಲ್ಲ" ಅಂತ ಅಳಿಸಲು ಹೋದಳು. ಚೌಕವೂ ಆಯತವೇ, ನಾಲ್ಕು ಮೂಲೆಯೂ ನೆಟ್ಟಗಿದ್ದರೆ ಸಾಕು ಅಂತ ಅವಳನ್ನು ಒಪ್ಪಿಸುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು, ಆ ಜಗಳ ಇಲ್ಲಿ ಬೇಡ. ಪ್ರತಿ ಆಯತದ ಒಳಗೂ ಒಂದು ಕಡ್ಡಿ ಉದ್ದ ಅಗಲದ ಚೌಕಗಳು ಎಷ್ಟು ಹಿಡಿಯುತ್ತವೆ ಅಂತ ಎಣಿಸಿ ಬರೆದಳು. 11, 20, 27, 32, 35, 36. ಅವೇ 24 ಕಡ್ಡಿ, ಒಂದೂ ಹೆಚ್ಚಿಲ್ಲ ಕಮ್ಮಿಯಿಲ್ಲ, ಆದರೆ ಒಳಗಿನ ಜಾಗ 11ರಿಂದ 36ಕ್ಕೆ ಹೋಗಿದೆ.

ಇಲ್ಲಿಗೆ ನಾನು ನಿಲ್ಲಿಸುತ್ತಿದ್ದೆ. ಅವಳು ನಿಲ್ಲಿಸಲಿಲ್ಲ. 11ರಿಂದ 20ಕ್ಕೆ 9 ಜಾಸ್ತಿ, 20ರಿಂದ 27ಕ್ಕೆ 7, ಆಮೇಲೆ 5, 3, 1 ಅಂತ ಬೆರಳಿಟ್ಟು ತೋರಿಸಿದಳು. ಬೆಸ ಸಂಖ್ಯೆಗಳು ಇಳಿದುಕೊಂಡು ಬರುತ್ತಿವೆ! ಯಾಕೆ ಅಂತ ಕೇಳಿದರೆ ನನಗೂ ಥಟ್ ಅಂತ ಗೊತ್ತಾಗಲಿಲ್ಲ. ಇಬ್ಬರೂ ಕೂತು ನೋಡಿದೆವು. 2 ಸಾಲು, ಸಾಲಿಗೆ 10 ಚೌಕ ಇರುವ ಆಯತವನ್ನು 3 ಸಾಲು, ಸಾಲಿಗೆ 9 ಇರುವ ಆಯತ ಮಾಡಬೇಕು. ಬಲತುದಿಯಿಂದ ಒಂದು ಕಂಬ ಕಿತ್ತರೆ 2 ಚೌಕ ಹೋಗುತ್ತವೆ. ಕೆಳಗೆ 9ರ ಹೊಸ ಸಾಲು ಸೇರಿಸಿದರೆ 9 ಬರುತ್ತವೆ. ಹೋದದ್ದು 2, ಬಂದದ್ದು 9, ಲಾಭ 7. ಮುಂದಿನ ಸಲ ಹೋಗುವುದು 3, ಬರುವುದು 8, ಲಾಭ 5. ಹೀಗೆ ಲಾಭ ಕರಗುತ್ತಾ ಕರಗುತ್ತಾ ಚೌಕಕ್ಕೆ ಬರುವಷ್ಟರಲ್ಲಿ 1ಕ್ಕೆ ನಿಲ್ಲುತ್ತದೆ. ಇದನ್ನು ಯಾವ ಪುಸ್ತಕವೂ ನಮಗೆ ಹೇಳಿಕೊಟ್ಟಿರಲಿಲ್ಲ, ಬೆಂಕಿಕಡ್ಡಿಗಳು ಹೇಳಿಕೊಟ್ಟವು.

ಉಲ್ಟಾ ಆಟವನ್ನೂ ಆಡಿಸಬೇಕು. ಉಳಿದ ತುಂಡು ಬಟ್ಟೆಯಲ್ಲಿ 36 ಪುಟ್ಟ ಚೌಕ ಕತ್ತರಿಸಿ ಕೊಟ್ಟೆ. ಎಲ್ಲವನ್ನೂ ಒಂದೇ ಸಾಲಲ್ಲಿ ಜೋಡಿಸಿದರೆ ಸುತ್ತ 74. ಎರಡು ಸಾಲು ಮಾಡಿದರೆ 40, ಮೂರಕ್ಕೆ 30, ನಾಲ್ಕಕ್ಕೆ 26, ಆರು ಸಾಲಿಗೆ 24. ಬಟ್ಟೆ ಅಷ್ಟೇ, ಲೇಸ್ ಮಾತ್ರ ಹೆಚ್ಚು ಕಮ್ಮಿ ಮೂರನೇ ಒಂದು ಭಾಗ ಸಾಕು. ನಮ್ಮ ಕಸುಬಿನವರಿಗೆ ಇದು ಚೆನ್ನಾಗಿ ಗೊತ್ತು, ಸಪೂರದ ತುಂಡಿಗೆ ಅಂಚು ಹೊಲಿದು ಹೊಲಿದೇ ಸುಸ್ತಾಗುತ್ತದೆ.

ಮಕ್ಕಳು ತಪ್ಪುವ ಇನ್ನೊಂದು ಜಾಗ ಇದೆ, ಅದನ್ನು ನಾನು ಕಣ್ಣಾರೆ ನೋಡುವವರೆಗೂ ಊಹಿಸಿರಲಿಲ್ಲ. ಚೌಕದ ಹಾಳೆಯ ಮೇಲೆ 5 ಚೌಕ ಉದ್ದ, 3 ಚೌಕ ಅಗಲದ ಆಯತ ಬರೆದು ಸುತ್ತಳತೆ ಎಷ್ಟು ಅಂದೆ. ಪೆನ್ಸಿಲ್ ತುದಿಯಿಂದ ಒಂದೊಂದೇ ಚುಕ್ಕೆ ಇಡುತ್ತಾ ಹೋಗಿ 12 ಅಂದಳು. ಉತ್ತರ 16 ಬರಬೇಕು. ಎಲ್ಲಿ ಹೋಯಿತು 4? ಅವಳು ಚುಕ್ಕೆ ಇಟ್ಟದ್ದು ಚೌಕಗಳ ಒಳಗೆ. ಅಂಚಿನ ಉದ್ದಕ್ಕೂ ಕೂತಿರುವ ಚೌಕಗಳನ್ನು ಎಣಿಸಿದ್ದಾಳೆ, ಅಂಚಿನ ಗೆರೆಯನ್ನು ಎಣಿಸಿಲ್ಲ. ಮೂಲೆಯ ಚೌಕಕ್ಕೆ ಹೊರಗಡೆ ಎರಡು ಬದಿ ಇವೆ, ಆದರೆ ಚೌಕ ಒಂದೇ. ನಾಲ್ಕು ಮೂಲೆ, ಮೂಲೆಗೆ ಒಂದರಂತೆ ನಾಲ್ಕು ತಪ್ಪಿತು. ಹೀಗೆ ಎಣಿಸಿದಾಗೆಲ್ಲ (ಒಂದೇ ಸಾಲಿನ ಆಯತ ಬಿಟ್ಟು) ಸರಿಯಾಗಿ 4 ಕಮ್ಮಿ ಬರುತ್ತದೆ, ನೀವೇ ಬರೆದು ನೋಡಿ. ಈ ಮಗುವಿಗೆ ಸೂತ್ರ ಇನ್ನೊಮ್ಮೆ ಹೇಳಿ ಪ್ರಯೋಜನ ಇಲ್ಲ. ಗೆರೆಯ ಮೇಲೆ ಇರುವೆ ನಡೆಯುತ್ತಿದೆ ಅಂದುಕೋ, ಒಂದೊಂದು ಚೌಕದ ಬದಿಗೂ ಒಂದೊಂದು ಹೆಜ್ಜೆ, ಮೂಲೆ ಬಂದಾಗ ತಿರುಗಬೇಕು ಅಂದೆ. ಬೆರಳನ್ನು ಗೆರೆಯ ಮೇಲೇ ಎಳೆದು ಎಣಿಸಿದಳು. 16 ಬಂತು. ಅವತ್ತಿನಿಂದ ಮನೆಯಲ್ಲಿ ಸುತ್ತಳತೆಗೆ ಇರುವೆ ಲೆಕ್ಕ ಅಂತಲೇ ಹೆಸರು.

ಸ್ಕೇಲಿನ ವಿಷಯವೂ ಹೀಗೇ. ಸೊನ್ನೆಯ ಬದಲು 1ರಿಂದ ಇಟ್ಟು ಅಳೆಯುವ ಮಕ್ಕಳು ಬೇಕಾದಷ್ಟಿದ್ದಾರೆ. ಅದು ಬೇರೆ ಕಾಯಿಲೆ, ಆದರೆ ಸುತ್ತಳತೆಯ ಲೆಕ್ಕದಲ್ಲಿ ನಾಲ್ಕು ಸಲ ಕಾಣಿಸಿಕೊಳ್ಳುತ್ತದೆ.

ಮತ್ತೆ, ಚಿತ್ರದಲ್ಲಿ ಎರಡೇ ಬದಿಗೆ ಅಳತೆ ಬರೆದಿದ್ದರೆ ಎರಡನ್ನೇ ಕೂಡಿ ಬಿಡುತ್ತಾರೆ. 8, 5 ಇದ್ದರೆ 13. ಬರೆಯದೇ ಇರುವ ಬದಿಗಳು ಅವರ ಕಣ್ಣಿಗೆ ಇಲ್ಲವೇ ಇಲ್ಲ. ದಾರ ಹಿಡಿದು ಸುತ್ತ ಇಟ್ಟ ಮಗು ಈ ತಪ್ಪು ಮಾಡುವುದು ಕಮ್ಮಿ, ಅರ್ಧ ದಾರಿಯಲ್ಲಿ ದಾರ ಬಿಟ್ಟರೆ ಮಿಕ್ಕ ಎರಡು ಬದಿ ಬೋಳಾಗಿ ಕಾಣುತ್ತವಲ್ಲ.

ವಿಸ್ತೀರ್ಣದ ಸೂತ್ರಕ್ಕೆ ಬರೋಣ. ಉದ್ದವನ್ನು ಅಗಲದಿಂದ ಯಾಕೆ ಗುಣಿಸಬೇಕು? ದೊಡ್ಡವರನ್ನೇ ಕೇಳಿ ನೋಡಿ, ಸೂತ್ರ ಹಾಗಿದೆ ಅನ್ನುತ್ತಾರೆ. ಸಾಲು ಅನ್ನುವ ಒಂದು ಮಾತು ಹೇಳಿದರೆ ಮುಗಿಯಿತು. 7 ಸೆಂ.ಮೀ. ಉದ್ದ ಅಂದರೆ ಒಂದು ಸಾಲಿನಲ್ಲಿ 7 ಚೌಕ ಕೂರುತ್ತವೆ. 4 ಸೆಂ.ಮೀ. ಅಗಲ ಅಂದರೆ ಅಂಥ ಸಾಲು 4. ನಾಲ್ಕೇಳ್ಲಿ 28. ಮಗ್ಗಿಯಲ್ಲಿ ಮೊದಲೇ ಗೊತ್ತಿರುವ ವಿಷಯ. ಆದರೆ ಚೌಕ ಹಾಕಿದ ಚಿತ್ರವನ್ನೇ ಅಚ್ಚು ಹಾಕಿ ಕೊಟ್ಟರೆ ಮಗು ಒಂದೊಂದಾಗಿ ಎಣಿಸಿ ಮುಗಿಸುತ್ತದೆ, ಸಾಲು ಅದರ ಕಣ್ಣಿಗೆ ಬೀಳುವುದಿಲ್ಲ. ಖಾಲಿ ಆಯತ ಕೊಟ್ಟು, ಒಳಗೆ ಚೌಕಗಳನ್ನು ನೀನೇ ಬರೆ ಅಂದರೆ ಮಜಾ ಇರುವುದು. ಮೊದಲ ಸಲ ಒಂದು ದೊಡ್ಡದು, ಒಂದು ಸಣ್ಣದು, ಸೊಟ್ಟಪಟ್ಟ ಬರುತ್ತವೆ, ಕೊನೆಯಲ್ಲಿ ಜಾಗ ಉಳಿಯುತ್ತದೆ. ಎರಡನೇ ಸಲ ಮೇಲಿಂದ ಕೆಳಗೆ ಉದ್ದುದ್ದ ಗೆರೆ, ಅಡ್ಡಡ್ಡ ಗೆರೆ ಎಳೆಯುವುದನ್ನು ತಾನೇ ಕಂಡುಕೊಳ್ಳುತ್ತದೆ. ಆ ಗೆರೆ ಎಳೆದ ಮಗುವಿಗೆ ಸೂತ್ರ ಆಗಲೇ ಬಂದಿದೆ. ಉದ್ದ ಮೂರೂವರೆ ಇದ್ದರೂ ಹೆದರಬೇಕಿಲ್ಲ, ಅಗಲ 2 ಆದರೆ ಎರಡು ಅರ್ಧ ಚೌಕ ಸೇರಿ ಒಂದು, ಮೂರರ ಎರಡು ಸಾಲು ಆರು, ಒಟ್ಟು 7.

ಚದರ ಸೆಂ.ಮೀ. ಅನ್ನುವುದೂ ಇದರಿಂದಲೇ ಬಿಡಿಸಿಕೊಳ್ಳುತ್ತದೆ. ನಾವು ಎಣಿಸಿದ್ದು ಚೌಕಗಳನ್ನು, ಅದಕ್ಕೇ ಚದರ. ಇರುವೆ ನಡೆದದ್ದು ಗೆರೆಯ ಮೇಲೆ, ಅದಕ್ಕೆ ಬರೀ ಸೆಂ.ಮೀ. ಒಂದು ಮೀಟರಿಗೆ 100 ಸೆಂ.ಮೀ., ಆದರೆ ಒಂದು ಚದರ ಮೀಟರಿಗೆ 10,000 ಚದರ ಸೆಂ.ಮೀ. ಅಂದಾಗ ಮಗಳು ನಂಬಲಿಲ್ಲ. ಸಾಲಿಗೆ 100, ಸಾಲು 100 ಅಂದೆ. ಒಂದು ನಿಮಿಷ ಸುಮ್ಮನೆ ಕೂತು "ಅಯ್ಯೋ ಹೌದು" ಅಂದಳು.

ನನ್ನದೇ ಒಂದು ದಡ್ಡತನವನ್ನೂ ಹೇಳಿಬಿಡುತ್ತೇನೆ, ಮಕ್ಕಳ ತಪ್ಪು ಹುಡುಕುವವರಿಗೆ ಅಷ್ಟು ಧೈರ್ಯ ಇರಬೇಕು. ಹೊಲಿಗೆ ಶುರು ಮಾಡಿದ ಹೊಸತರಲ್ಲಿ 40 ಸೆಂ.ಮೀ. ಚೌಕದ ಮೇಜಿನ ಬಟ್ಟೆ ಹೊಲಿದು ಕೊಟ್ಟಿದ್ದೆ. ಚೆನ್ನಾಗಿದೆ, ಇದರ ಡಬಲ್ ಸೈಜಿನದು ಬೇಕು, 80 ಸೆಂ.ಮೀ. ಚೌಕ ಅಂತ ಅವರೇ ಮತ್ತೆ ಕೇಳಿದರು. ಡಬಲ್ ತಾನೇ ಅಂತ ಬಟ್ಟೆಯನ್ನೂ ಡಬಲ್ ತಂದೆ, ಲೇಸನ್ನೂ ಡಬಲ್ ತಂದೆ. ಲೇಸ್ ಸರಿಹೋಯಿತು, 160 ಸೆಂ.ಮೀ. ಇದ್ದದ್ದು 320 ಆಗಬೇಕಿತ್ತು, ಆಯಿತು. ಬಟ್ಟೆ ಅರ್ಧಕ್ಕೇ ಮುಗಿಯಿತು. 1,600 ಚದರ ಸೆಂ.ಮೀ. ಇದ್ದದ್ದು 6,400 ಆಗಬೇಕು, ಅಂದರೆ ನಾಲ್ಕು ಪಟ್ಟು. ಮಡಚಿ ಹೊಲಿಯುವ ಅಂಚಿನ ಲೆಕ್ಕ ಇದಕ್ಕೆ ಸೇರಿಲ್ಲ. ಅವತ್ತು ಮತ್ತೆ ಅದೇ ಬಣ್ಣದ ಬಟ್ಟೆ ಹುಡುಕಿದ್ದು ನನಗೇ ಗೊತ್ತು. ಶಾಲೆಯಲ್ಲಿ ನನಗೂ ಸೂತ್ರ ಬಾಯಿಗೆ ಬರುತ್ತಿತ್ತು ಅನ್ನುವುದನ್ನು ಗಮನಿಸಿ.

ಹೊಲಿಗೆ ಮೇಜಿನ ಮೇಲೆ ಇನ್ನೊಂದು ವಿಷಯ ಬಲು ಚೆನ್ನಾಗಿ ಕಾಣುತ್ತದೆ. ಎರಡು ತುಂಡುಗಳನ್ನು ಜೋಡಿಸಿ ಹೊಲಿದರೆ ವಿಸ್ತೀರ್ಣ ವಿಸ್ತೀರ್ಣಕ್ಕೆ ಕೂಡುತ್ತದೆ, ಸುತ್ತಳತೆ ಮಾತ್ರ ಹಾಗೆ ಕೂಡುವುದಿಲ್ಲ. 4ಕ್ಕೆ 3ರ ಎರಡು ತುಂಡು, ಒಂದೊಂದರ ಸುತ್ತಳತೆ 14. ಎರಡನ್ನೂ 3ರ ಬದಿಯಲ್ಲಿ ಜೋಡಿಸಿದರೆ 28 ಅಲ್ಲ, 22. ಆ 6 ಎಲ್ಲಿ ಹೋಯಿತು ಅಂದರೆ ಹೊಲಿಗೆಯ ಒಳಗೆ ಹೋಯಿತು, ಎರಡೂ ತುಂಡಿನ ಒಂದೊಂದು ಬದಿ ಇನ್ನು ಹೊರಗೆ ಕಾಣುವುದಿಲ್ಲ. 4ರ ಬದಿಯಲ್ಲಿ ಜೋಡಿಸಿದರೆ 8 ಒಳಗೆ ಹೋಗಿ 20 ಉಳಿಯುತ್ತದೆ.

ಕತ್ತರಿಸುವಾಗ ಇನ್ನೂ ಮಜಾ. 10ಕ್ಕೆ 6ರ ಕಾಗದ ತೆಗೆದುಕೊಳ್ಳಿ. ಸುತ್ತಳತೆ 32, ವಿಸ್ತೀರ್ಣ 60. ಒಂದು ಮೂಲೆಯಿಂದ 3ಕ್ಕೆ 2ರ ತುಂಡು ಕತ್ತರಿಸಿ ಬಿಸಾಡಿ. ಸುತ್ತಳತೆ ಎಷ್ಟು ಕಮ್ಮಿಯಾಯಿತು ಅಂತ ಮಕ್ಕಳನ್ನು ಕೇಳಿ. ಎಲ್ಲರೂ ಏನೋ ಒಂದು ಹೇಳುತ್ತಾರೆ. ಒಂದಿಷ್ಟೂ ಕಮ್ಮಿಯಾಗಿಲ್ಲ, ಅದೇ 32! ಹೋದ ಎರಡು ಬದಿಗೆ ಸಮನಾಗಿ ಒಳಗಡೆ ಎರಡು ಹೊಸ ಬದಿ ಹುಟ್ಟಿವೆ. ವಿಸ್ತೀರ್ಣ ಮಾತ್ರ 54ಕ್ಕೆ ಇಳಿದಿದೆ. ಅದೇ ತುಂಡನ್ನು ಮೂಲೆ ಬಿಟ್ಟು ಉದ್ದದ ಬದಿಯ ನಡುವಿನಿಂದ, 3 ಅಗಲ 2 ಆಳ ಕತ್ತರಿಸಿದ್ದರೆ ಸುತ್ತಳತೆ 36ಕ್ಕೆ ಏರುತ್ತಿತ್ತು. ಬಟ್ಟೆ ತೆಗೆದರೂ ಅಂಚು ಜಾಸ್ತಿ ಆಗುತ್ತದೆ. ದೊಡ್ಡದಾದರೆ ಎರಡೂ ದೊಡ್ಡದಾಗುತ್ತವೆ, ಚಿಕ್ಕದಾದರೆ ಎರಡೂ ಚಿಕ್ಕದಾಗುತ್ತವೆ ಅಂತ ತಲೆಯಲ್ಲಿ ಕೂತಿರುವುದನ್ನು ಎಬ್ಬಿಸಲು ಇಷ್ಟು ಒಳ್ಳೆಯ ಕಾಗದದ ತುಂಡು ಬೇರೆ ಇಲ್ಲ.

ಆ ಭ್ರಮೆ ಮಕ್ಕಳದ್ದು ಮಾತ್ರ ಅಂದುಕೊಳ್ಳಬೇಡಿ. 2,000 ವರ್ಷಕ್ಕೂ ಹಿಂದೆ ಪೊಲಿಬಿಯಸ್ ಅನ್ನುವ ಗ್ರೀಕ್ ಇತಿಹಾಸಕಾರ ಇದೇ ದೂರು ಬರೆದಿದ್ದಾನೆ. ಊರಿನ ಸುತ್ತಳತೆ ಕೇಳಿ ಜನ ಅದರ ದೊಡ್ಡತನ ಅಳೆಯುತ್ತಾರೆ, ಮೆಗಲೊಪೊಲಿಸ್ ಪಟ್ಟಣದ ಸುತ್ತಳತೆ 50 ಸ್ಟೇಡ್, ಸ್ಪಾರ್ಟಾದ್ದು 48, ಆದರೂ ಸ್ಪಾರ್ಟಾ ಅದರ ಎರಡು ಪಟ್ಟು ದೊಡ್ಡದು ಅಂದರೆ ಯಾರೂ ನಂಬುವುದಿಲ್ಲ ಅಂತ. ಸ್ಟೇಡ್ ಅಂದರೆ ಆಗಿನ ದೂರದ ಅಳತೆ. ಶಾಲೆಯಲ್ಲಿ ಕಲಿತ ಜ್ಯಾಮಿತಿಯನ್ನು ಮರೆತದ್ದೇ ಇದಕ್ಕೆ ಕಾರಣ ಅನ್ನುವುದು ಅವನ ಸಿಟ್ಟು. ಸಿಟ್ಟು ಇನ್ನೂ ಹಳತಾಗಿಲ್ಲ, ಅಲ್ವಾ?

ಪ್ರಶ್ನೆ ತೆಗೆಯುವವರಿಗೆ ಎರಡು ಮಾತು. ಬೇಲಿ ಅಂದರೆ ಸುತ್ತಳತೆ, ಬಣ್ಣ ಅಂದರೆ ವಿಸ್ತೀರ್ಣ ಅಂತ ಪದ ನೋಡಿ ಉತ್ತರ ಬರೆಯುವ ಅಭ್ಯಾಸ ಮಾಡಿಸಿದ್ದೀರಿ. ಮಗಳ ಗೆಳತಿಯರಿಗೆ ನಾನೊಂದು ಪ್ರಶ್ನೆ ಕೊಟ್ಟೆ. ಗೋಡೆಯ ನಾಲ್ಕೂ ಅಂಚಿಗೆ ಬಣ್ಣದ ಪಟ್ಟಿ ಅಂಟಿಸಬೇಕು, ಪಟ್ಟಿ ಎಷ್ಟು ಉದ್ದ ಬೇಕು? ಬಣ್ಣ ಅನ್ನುವ ಪದ ಕಂಡಿದ್ದೇ ತಡ, ಮೂವರಲ್ಲಿ ಇಬ್ಬರು ಗುಣಿಸಿದರು. ಗೋಡೆಯನ್ನು ಯಾರೂ ಮನಸ್ಸಿನಲ್ಲಿ ನೋಡಲೇ ಇಲ್ಲ. ಇನ್ನೊಂದು, ಪರೀಕ್ಷೆಯಲ್ಲಿ 4ಕ್ಕೆ 4ರ ಚೌಕ, 6ಕ್ಕೆ 3ರ ಆಯತ ದಯವಿಟ್ಟು ಕೊಡಬೇಡಿ. ಮೊದಲನೆಯದಕ್ಕೆ ಸುತ್ತಳತೆಯೂ 16, ವಿಸ್ತೀರ್ಣವೂ 16. ಎರಡನೆಯದಕ್ಕೆ ಎರಡೂ 18. ಎರಡನ್ನೂ ಅದಲು ಬದಲು ಮಾಡಿದ ಮಗುವಿಗೂ ಪೂರ್ತಿ ಅಂಕ ಸಿಗುತ್ತದೆ, ಕಾಯಿಲೆ ಒಳಗೇ ಉಳಿಯುತ್ತದೆ. ಪೂರ್ಣ ಸಂಖ್ಯೆಗಳಲ್ಲಿ ಹೀಗೆ ಆಗುವುದು ಈ ಎರಡರಲ್ಲಿ ಮಾತ್ರ, ಹಾಗಾಗಿ ತಪ್ಪಿಸಿಕೊಳ್ಳುವುದು ಕಷ್ಟವೇನಲ್ಲ. ಪರೀಕ್ಷೆ ಮುಗಿದ ಮೇಲೆ ಒಗಟಾಗಿ ಕೇಳಿ, ಆಗ ಅದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ.

ಕೊನೆಗೆ ನಿಮಗೆ ಒಂದು ಕೋರಿಕೆ, ಸಂಪಾದಕರೇ. ಮಕ್ಕಳ ಪುಟದಲ್ಲಿ ಒಂದು ವಾರ ಕಥೆ, ಚಿತ್ರದ ಜೊತೆಗೆ ಅರ್ಧ ಪುಟ ಬರೀ ಚೌಕಗಳನ್ನು ಅಚ್ಚು ಹಾಕಿ. ಸೂತ್ರ ಬೇಡ, ಉತ್ತರವೂ ಬೇಡ. ಕತ್ತರಿಸಲು, ಬಣ್ಣ ಹಚ್ಚಲು, ಎಣಿಸಲು ಮಕ್ಕಳಿಗೆ ಅಷ್ಟು ಸಾಕು. ಅದಾಗದಿದ್ದರೆ ಓದಿ ಮುಗಿದ ಪತ್ರಿಕೆಯ ಹಾಳೆಯೇ ಆಗುತ್ತದೆ. ಲೆಕ್ಕಕ್ಕೆ ಸುಲಭವಾಗಲಿ ಅಂತ 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲಕ್ಕೆ ಕತ್ತರಿಸಿಕೊಳ್ಳಿ. ಸುತ್ತಳತೆ 200. ಉದ್ದವನ್ನು ಅರ್ಧಕ್ಕೆ ಮಡಚಿ. ವಿಸ್ತೀರ್ಣ 2,400 ಚದರ ಸೆಂ.ಮೀ. ಇದ್ದದ್ದು 1,200ಕ್ಕೆ ಬಂತು, ಸುತ್ತಳತೆ 100 ಆಗಲಿಲ್ಲ, 140ಕ್ಕೆ ನಿಂತಿತು. ಯಾಕೆ ಅಂತ ಮಕ್ಕಳೇ ಹೇಳಲಿ.

ನಮ್ಮ ಮನೆಯಲ್ಲಿ ನಿಮ್ಮ ಪತ್ರಿಕೆಯ ಗತಿ ಅಷ್ಟಕ್ಕೇ ಮುಗಿಯಲಿಲ್ಲ. ಮಡಚಿದ್ದನ್ನು ಬಿಡಿಸಿ, ಉದ್ದಕ್ಕೂ ಒಂದೊಂದು ಸೆಂ.ಮೀ. ಅಗಲದ ಪಟ್ಟಿ ಕತ್ತರಿಸುತ್ತಾ ಕೂತಿದ್ದಾಳೆ ಮಗಳು. 40 ಪಟ್ಟಿ ಆಗುತ್ತವಂತೆ, ಎಲ್ಲವನ್ನೂ ತುದಿಗೆ ತುದಿ ಇಟ್ಟು ಒಂದೇ ಆಯತ ಮಾಡುತ್ತಾಳಂತೆ. 24 ಮೀಟರ್ ಉದ್ದ ಆಗುತ್ತೆ, ಮನೆಯೊಳಗೆ ಹಿಡಿಸಲ್ಲ ಕಣೇ ಅಂದೆ. "ಇರುವೆ ಎಷ್ಟು ದೂರ ನಡೀಬೇಕು ಹೇಳು" ಅಂದಳು. 4,802 ಸೆಂ.ಮೀ. ಅಂತ ನಾನು ಹೇಳುವಷ್ಟರಲ್ಲಿ 17 ಪಟ್ಟಿ ಆಗಿತ್ತು, ಕತ್ತರಿ ಮಾತ್ರ ನನ್ನ ಬಟ್ಟೆಯ ಕತ್ತರಿ. ಕಾಗದ ಕತ್ತರಿಸಿದರೆ ಅದು ಮೊಂಡಾಗುತ್ತದೆ ಅಂತ ಎಷ್ಟು ಸಲ ಹೇಳಿದ್ದೇನೋ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು, ಒಬ್ಬ ತಾಯಿ